ಅಕ್ಕನ ಹೆಸರು ಮೂಲೆಯಿಂದ ಮೂಲೆಗೆ

ಶಿಕಾರಿಪುರದ ಒಂದು ಪ್ರಿಂಟಿಂಗ್ ಅಂಗಡೀಲಿ ಕಂಪ್ಯೂಟರ್ ಮುಂದೆ ಕೂರೋನು ನಾನು. ಹಳೇ ಲಗ್ನಪತ್ರಿಕೆ ಫೈಲಲ್ಲಿ ಹೆಸರು ಬದಲಾಯಿಸೋದು ಕೆಲಸ. ಅಷ್ಟಕ್ಕೇ ಡಿಸೈನರ್ ಅಂತ ಹೇಳ್ಕೊಂಡು ತಿರುಗ್ತಿದ್ದೆ.

ಅಕ್ಕನ ಮದುವೆ ಗೊತ್ತಾದಾಗ ಅವಳು ಕೇಳಿದ್ದು ಒಂದೇ. "ನನ್ನ ಹೆಸರು ಎದ್ದು ಕಾಣೋ ಹಂಗೆ ಮಾಡೋ. ಎಲ್ಲರ ಕಾರ್ಡಲ್ಲೂ ಹುಡುಗಿ ಹೆಸರು ಹುಡುಕಬೇಕು."

ಆಗಷ್ಟೇ ಫ್ಯೂಚರಿಸ್ಟರು ಅನ್ನೋ ಕವಿ-ಕಲಾವಿದರ ಬಗ್ಗೆ ಓದಿ ತಲೆ ಕೆಡಿಸ್ಕೊಂಡಿದ್ದೆ. ನೂರು ವರ್ಷದ ಹಿಂದೆ ಇಟಲಿಯಲ್ಲಿ ಇವರು ಸಾಲು ಮುರಿದು, ಅಕ್ಷರಾನ ಓರೆಯಾಗಿ ಓಡಿಸಿ, ಜೋರು ಸದ್ದಿಗೆ ದೊಡ್ಡ ಅಕ್ಷರ, ಮೆಲ್ಲಗಿದ್ರೆ ಸಣ್ಣದು ಅಂತ ಪುಟಾನೇ ಕೂಗಿಸಿದ್ರು. ನಾನೂ ಅಕ್ಕನ ಹೆಸರನ್ನ ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ರಾಕೆಟ್ ಹಂಗೆ ಹಾರಿಸ್ದೆ. ಉಳಿದ ಮೂಲೆಗಳಲ್ಲಿ ಓಲಗ, 'ಪೀಂ ಪೀಂ, ಡುಂ ಡುಂ'. ಸುಖಾಗಮನ ಬಯಸೋ ಗಂಡಸರ ಹೆಸರು ಎಷ್ಟು ಸಣ್ಣಗಾಯ್ತು ಅಂದ್ರೆ, ಇರುವೆಗೂ ಕನ್ನಡಕ ಬೇಕು.

ಮೊದಲ ಕಾರ್ಡಿನ ನಾಲ್ಕೂ ಮೂಲೆಗೆ ಅರಿಶಿಣ ಹಚ್ಚಿ ದೇವರ ಮುಂದೆ ಇಡೋದು ನಮ್ಮಲ್ಲಿ ಪದ್ಧತಿ. ಜಗತ್ತು ಬದಲಾಯಿಸೋಕೆ ಹೊರಟ ಮಹಾಶಯ ಮೂಲೇನೇ ಖಾಲಿ ಬಿಟ್ಟಿರಲಿಲ್ಲ. ದೊಡ್ಡಪ್ಪ ಅರಿಶಿಣದ ಬಟ್ಟಲು ಹಿಡ್ಕೊಂಡು ಸ್ಯಾಂಪಲ್ಲನ್ನ ತಿರುಗಿಸಿ ತಿರುಗಿಸಿ ನೋಡಿದ್ರು.

"ಎಲ್ಲಿ ಹಚ್ಚಲೋ? ನಿನ್ನ ಹಣೆಗೆ ಹಚ್ಚಲಾ?"

"ಮೂಲೆ ಬಿಡ್ತೀನಿ ದೊಡ್ಡಪ್ಪ. ಅಕ್ಕನ ಹೆಸರು ಹಂಗೇ ಇರ್ಲಿ."

"ಹಿರಿಯರಿಗಿಂತ ದಪ್ಪ ಯಾಕೆ? ಎಲೆಕ್ಷನ್ನಿಗೆ ನಿಂತಿದಾಳಾ?"

ಮೂಲೆ ಸರಿ ಮಾಡಿಟ್ಟು ಊಟಕ್ಕೆ ಹೋದೆ. ಬರೋದ್ರೊಳಗೆ ದೊಡ್ಡಪ್ಪ ನಮ್ಮ ಓನರಿಗೆ ಫೋನ್ ಮಾಡಿ, ಅಂಗಡೀಲಿದ್ದ ಹಳೇ ಲಗ್ನಪತ್ರಿಕೆ ಫೈಲಲ್ಲೇ ಅಷ್ಟೂ ಕಾರ್ಡ್ ಪ್ರಿಂಟ್ ಹೊಡೆಸಿದ್ರು. ಅವರ ಹೆಸರು ಕೆಂಪಗೆ, ನೆರಳು ಸಮೇತ. ಅಕ್ಕನದು 'ದ್ವಿತೀಯ ಪುತ್ರಿ' ಅನ್ನೋದರ ಕೆಳಗೆ ಮುದುರಿ ಕೂತಿತ್ತು. ಮೈಯೆಲ್ಲಾ ಉರೀತು ನಂಗೆ.

"ಕಾರ್ಡ್ ಯಾರು ಓದ್ತಾರೆ ಮಾರಾಯ, ಮುಹೂರ್ತ ನೋಡಿ ಬಿಸಾಕ್ತಾರೆ" ಅಂದ್ರು ಓನರ್.

"ಹಂಗಾದ್ರೆ ದೊಡ್ಡಪ್ಪನ ಹೆಸರಿಗೆ ನೆರಳು ಯಾಕ್ರೀ?"

ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸೊರಬದ ಗೆಳತಿಯರನ್ನ ಕರೆಯೋಕೆ ಹೊರಟಾಗ ಅಕ್ಕ ಕಾರ್ಡಿನ ಕಟ್ಟು ಮುಟ್ಟಲೇ ಇಲ್ಲ.

"ಕಾರ್ಡಿಲ್ದೆ ಕರೆದ್ರೆ ಮರ್ಯಾದೆ ಅಲ್ಲ" ಅಂದ್ರು ದೊಡ್ಡಪ್ಪ.

"ಯಾರ ಮರ್ಯಾದೆ?" ಅಂತ ಚಪ್ಪಲಿ ಮೆಟ್ಟಿದ್ಲು.

ನಾನೂ ಬಸ್ ಹತ್ತಿದೆ. ಪ್ರತಿ ಬಾಗಿಲಲ್ಲೂ ಅವಳು ತನ್ನ ಹೆಸರು ಹೇಳಿ "ನನ್ನ ಮದುವೆ, ಬರಬೇಕು" ಅನ್ನೋಳು. ದಿನ, ಛತ್ರ ಹೇಳೋದು ನನ್ನ ಪಾಲಿಗೆ. ಒಂದು ಮನೇಲಿ ಸಿಟ್ಟಿನ ಭರದಲ್ಲಿ ಛತ್ರಾನೇ ತಪ್ಪು ಹೇಳಿಬಿಟ್ಟೆ. ಪಾಪ, ಆ ಮನೆಯವರು ಯಾರದೋ ಮದುವೇಲಿ ಉಂಡು, ಉಡುಗೊರೆ ಕೊಟ್ಟು ಹೋದ್ರು. ಅದಕ್ಕೂ ದೊಡ್ಡಪ್ಪನೇ ಕಾರಣ ಅಂತೀನಿ.