ಸ್ಟೆಪ್ನಿ ಇಲ್ಲದ ಕಾರು

ಕಾರು ಕೊಳ್ಳುವವರು ಮೈಲೇಜು ಕೇಳುತ್ತಾರೆ, ಬಣ್ಣ ನೋಡುತ್ತಾರೆ, ಬಾಗಿಲು ಹಾಕಿದಾಗ ಬರುವ ಸದ್ದಿಗೆ ಕಿವಿಗೊಡುತ್ತಾರೆ. ನಾನು ನಮ್ಮ ಕಾರನ್ನು ಆರಿಸಿದ್ದು ಅದರಲ್ಲಿ ಸ್ಟೆಪ್ನಿ ಇಲ್ಲ ಎಂಬ ಒಂದೇ ಕಾರಣಕ್ಕೆ. ಈ ಮಾತನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಇವರಿಗಂತೂ ಹೇಳುವ ಹಾಗೇ ಇರಲಿಲ್ಲ.

ಇವರು ಎಂದರೆ ನಮ್ಮನೆಯವರು. ಸಾಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ಊರಿನ ಅರ್ಧ ಜನ ಇವರ ಸೀಟಿಗೆ ಓಡಿದವರೇ. ಹಳೆಯ ಕಾರಿನ ಚಕ್ರ ಪಂಚರ್ ಆದರೆ ಇವರಿಗೆ ಬೇಸರವಾಗುತ್ತಿರಲಿಲ್ಲ, ಒಳಗೊಳಗೇ ಖುಷಿಯಾಗುತ್ತಿತ್ತು. ಅಂಗಿಯ ತೋಳು ಮಡಚಿ, ಚಕ್ರ ಬಿಚ್ಚಿ, ಸ್ಟೆಪ್ನಿ ಎತ್ತಿ ಕೂರಿಸಿ, ಕೊನೆಗೆ ವಾಚು ನೋಡಿ ಎಷ್ಟು ನಿಮಿಷವಾಯಿತೆಂದು ಹೇಳುತ್ತಿದ್ದರು. ಕೇಳುವವರು ಯಾರೂ ಇರುತ್ತಿರಲಿಲ್ಲ, ನಾನೊಬ್ಬಳು ಬಿಟ್ಟು.

ಕಳೆದ ಬೇಸಿಗೆಯಲ್ಲಿ ಇವರ ಎದೆ ತೆರೆದು ಆಪರೇಷನ್ ಮಾಡಿದರು. ಮನೆಗೆ ಕಳಿಸುವಾಗ ಡಾಕ್ಟರು ಮಾತ್ರೆಗಳ ವಿಷಯವೆಲ್ಲ ಮುಗಿಸಿ, ಇನ್ನು ಭಾರ ಎತ್ತಬಾರದು ಅಂದರು. ಎಷ್ಟು ಭಾರ ಎಂದು ನಾನು ಕೇಳಿದೆ. ಅರ್ಧ ಬಕೆಟ್ ನೀರಿಗಿಂತ ಹೆಚ್ಚು ಬೇಡ, ಈ ಹೃದಯ ಅದಕ್ಕಿಂತ ತಡೆಯುವುದಿಲ್ಲ ಅಂದರು. ಇವರು ಆಗ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದು ನನಗೆ ಈಗಲೂ ಗೊತ್ತಿಲ್ಲ.

ಇನ್ನು ಕಾರು ಓಡಿಸಬೇಕಾದವಳು ನಾನು, ಹಳೆಯ ಕಾರಿನ ಗೇರು, ಕ್ಲಚ್ಚು ನನ್ನ ಕೈಲಾಗುವ ಮಾತಾಗಿರಲಿಲ್ಲ. ಐವತ್ತಾರನೆಯ ವಯಸ್ಸಿನಲ್ಲಿ, ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ, ಗೇರು ತಾನೇ ಬದಲಾಗುವ ಗಾಡಿ ಓಡಿಸುವುದನ್ನು ಕಲಿತೆ. ಕಲಿತೆ ಎಂದರೆ ನಲವತ್ತರ ವೇಗದೊಳಗೆ ಕಲಿತೆ. ಆಮೇಲೆ ಕಾರು ನೋಡಲು ಹೋದಾಗ ಷೋರೂಮಿನಾಕೆ ಎಲ್ಲ ಗುಣಗಳನ್ನೂ ಹಾಡಿ ಹೊಗಳಿ, ಕೊನೆಗೆ ಮದುವೆಯ ದಲ್ಲಾಳಿ ಗಂಡಿಗೆ ಸಕ್ಕರೆ ಕಾಯಿಲೆ ಇದೆ ಎಂದು ಹೇಳುವ ದನಿಯಲ್ಲಿ, "ಇದರಲ್ಲಿ ಸ್ಟೆಪ್ನಿ ಬರಲ್ಲ ಮೇಡಂ, ಕಿಟ್ ಕೊಡ್ತೀವಿ" ಅಂದಳು. ಕಿಟ್ ಎಂದರೆ ಒಂದು ಬಾಟಲಿ ಬಿಳಿ ಅಂಟು, ಗಾಳಿ ಹೊಡೆಯುವ ಪುಟ್ಟ ಯಂತ್ರ. ಬಾಟಲಿ ಎತ್ತಿ ನೋಡಿದೆ. ಅರ್ಧ ಬಕೆಟ್ಟಿಗಿಂತ ಎಷ್ಟೋ ಹಗುರ. ಇದೇ ಇರಲಿ ಅಂದೆ.

ನನ್ನನ್ನು ಬಲ್ಲವರು ಇದನ್ನು ನಂಬಲಾರರು. ನಾನು ಹುಟ್ಟಾ ಗಾಬರಿಯವಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದವಳು. ನನ್ನ ಬ್ಯಾಗಿನಲ್ಲಿ ಎರಡು ಕನ್ನಡಕ, ಎರಡು ಪೆನ್ನು, ಎರಡು ಕೀಲಿಗೊಂಚಲು ಇರುತ್ತವೆ. ಅಷ್ಟೇ ಏಕೆ, ನಮ್ಮ ಕಡೆ ಅನ್ನಕ್ಕಿಡುವಾಗ ಯಾರಾದರೂ ಬಂದರೆ ಇರಲಿ ಎಂದು ಒಂದು ಹಿಡಿ ಅಕ್ಕಿ ಜಾಸ್ತಿ ಹಾಕುವುದು ಪದ್ಧತಿ. ನಾನು ಹಾಕುವುದು ಎರಡು ಹಿಡಿ, ಬಂದವರ ಹಿಂದೆ ಇನ್ನೊಬ್ಬರು ಬಂದರೆ ಎಂದು. ಅಂಥವಳು ಐದನೆಯ ಚಕ್ರವಿಲ್ಲದ ಗಾಡಿಯನ್ನು ಮನೆಗೆ ತಂದಳೆಂದರೆ, ಅವಳ ಎದೆಯಲ್ಲಿ ಪಂಚರ್‌ಗಿಂತ ದೊಡ್ಡ ಭಯ ಕೂತಿರಬೇಕು.

ಈ ಸ್ಟೆಪ್ನಿ ಎಂಬ ಪದ ಬ್ರಿಟನ್ನಿನ ಯಾವುದೋ ಊರಿನ ಒಂದು ಬೀದಿಯ ಹೆಸರಂತೆ. ಹೆಚ್ಚಿನ ಚಕ್ರವನ್ನು ಮೊದಲಿಗೆ ಅಲ್ಲಿ ಮಾಡಿ ಮಾರಿದರಂತೆ. ಅವರು ಹೆಸರನ್ನು ಮರೆತರು, ನಾವು ಇಟ್ಟುಕೊಂಡೆವು. ಗಂಡಸರ ಕಟ್ಟೆ ಹರಟೆಯಲ್ಲಿ ಆ ಪದಕ್ಕೆ ಬೇರೆ ಅರ್ಥವೂ ಇದೆ, ಅದು ನಮಗೆ ಬೇಡ. ನನಗೆ ಸೋಜಿಗವೆನಿಸುವುದು ನಮ್ಮ ಅಜ್ಜನ ಎತ್ತಿನಗಾಡಿ. ಇಕ್ಕೇರಿಯಿಂದ ಸಾಗರದ ಸಂತೆಗೆ ಹೋಗಿಬರುತ್ತಿದ್ದ ಆ ಗಾಡಿಗೆ ಮೂರನೆಯ ಚಕ್ರವನ್ನು ಯಾರೂ ಕಟ್ಟಿಕೊಂಡು ಹೋಗಲಿಲ್ಲ. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುವ ಕಡೆಗೀಲು ಮಾತ್ರ ಎರಡು ಹೆಚ್ಚಿಗೆ ಇರುತ್ತಿತ್ತು, ಬೆರಳುದ್ದದ್ದು. ಅಜ್ಜನಿಗೆ ಭಯವಿರಲಿಲ್ಲ ಎಂದಲ್ಲ, ಅವನ ಭಯ ಸೊಂಟದ ಚೀಲದಲ್ಲಿ ಹಿಡಿಸುತ್ತಿತ್ತು. ನನ್ನ ಭಯಕ್ಕೆ ಡಿಕ್ಕಿ ಸಾಲುವುದಿಲ್ಲ.

ಗುಟ್ಟು ಎರಡು ತಿಂಗಳು ಉಳಿಯಿತು. ಆಯುಧಪೂಜೆಯ ದಿನ ಇವರು ಕಾರು ತೊಳೆಸಿ, ನಾಲ್ಕು ಚಕ್ರಕ್ಕೂ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟರು. ಆಮೇಲೆ ಕುಂಕುಮದ ಬಟ್ಟಲು ಹಿಡಿದುಕೊಂಡೇ ಡಿಕ್ಕಿ ತೆಗೆದರು. ಇವರದು ಹಳೆಯ ಪದ್ಧತಿ, ವರ್ಷವಿಡೀ ಕತ್ತಲಲ್ಲಿ ಮಲಗಿರುವ ಸ್ಟೆಪ್ನಿಗೂ ಹಬ್ಬದ ದಿನ ಒಂದು ಬೊಟ್ಟು. ಚಾಪೆ ಎತ್ತಿದರು. ಕೆಳಗೆ ಒಂದು ಗೇಣೂ ಆಳವಿಲ್ಲದ ಗುಂಡಿ, ಅದರಲ್ಲಿ ಅಂಟಿನ ಬಾಟಲಿ. ಇವರು ಗುಂಡಿಯೊಳಗೆ ಕೈ ಹಾಕಿ ತಡಕಿದರು. ಕಡೆಗೆ ಬಾಟಲಿಯ ಮೂತಿಗೆ ಕುಂಕುಮ ಹಚ್ಚಿ ಒಳಗೆ ಬಂದರು.

ಷೋರೂಮಿನವರು ನನಗೆ ಮೋಸ ಮಾಡಿದ್ದಾರೆ ಎಂದು ಇವರು ನಂಬಿದರು. ಹೌದೌದು, ಗಮನಿಸಲೇ ಇಲ್ಲ ಎಂದು ನಾನೂ ತಲೆಯಾಡಿಸಿದೆ. ಆ ಮಟ್ಟಿಗೆ ಪೆದ್ದಿಯಾಗಿ ಉಳಿಯುವುದು ಸುಲಭವಾಗಿತ್ತು. ಆದರೆ ಇವರು ಹಟ ಹಿಡಿದರು. ಮೊಳೆ ಚುಚ್ಚಿದರೆ ಅಂಟು ನಿಲ್ಲುತ್ತದೆ, ನಮ್ಮ ರಸ್ತೆಯಲ್ಲಿ ಜಲ್ಲಿಕಲ್ಲು ಟೈರಿನ ಪಕ್ಕೆಯನ್ನೇ ಸೀಳುತ್ತದೆ, ಆಗ ಅಂಟು ಎಂತಕ್ಕೆ ಬಂತು? ಹೊಸನಗರ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಯಾರನ್ನು ಕರೆಯುತ್ತೀ? ಮಾತೆಲ್ಲ ನ್ಯಾಯವಾದದ್ದೇ. ತೀರ್ಥಹಳ್ಳಿಯಲ್ಲಿ ಇವರ ಅಕ್ಕ ಇದ್ದಾರೆ, ಆಪರೇಷನ್ ಆದಾಗಿನಿಂದ ತಮ್ಮನನ್ನು ಕಣ್ಣಾರೆ ನೋಡಬೇಕೆಂದು ಕರೆಯುತ್ತಿದ್ದಾರೆ. ಸ್ಟೆಪ್ನಿ ಇಲ್ಲದೆ ಆ ದಾರಿ ಹಿಡಿಯುವುದಿಲ್ಲ ಎಂದು ಇವರು ಪಟ್ಟಾಗಿ ಕೂತರು.

ಅಲ್ಲಿಂದ ನನ್ನ ಸಂಕಟ ಶುರುವಾಯಿತು. ಸ್ಟೆಪ್ನಿ ತಂದರೆ ಇವರು ಎತ್ತುತ್ತಾರೆ. ಭಾರದ್ದು ತಂದರೆ ಎತ್ತಿ ಎದೆಗೆ ಕಷ್ಟ ತಂದುಕೊಳ್ಳುತ್ತಾರೆ. ಹಗುರದ್ದು ತಂದರೆ ಇಷ್ಟೇ ತಾನೇ ಎಂದು ಮತ್ತೂ ಬೇಗ ಎತ್ತುತ್ತಾರೆ. ತಾರದೇ ಇದ್ದರೆ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಮೆಕ್ಯಾನಿಕ್ಕನ್ನು ಹುಡುಕುತ್ತಾರೆ, ಇಲ್ಲವೇ ಗಾಡಿ ತಳ್ಳುತ್ತಾರೆ. ಯಾವ ಕಡೆಯಿಂದ ಯೋಚಿಸಿದರೂ ಕೊನೆಗೆ ಇವರು ರಸ್ತೆ ಬದಿಯಲ್ಲಿ ಎದೆ ಹಿಡಿದುಕೊಂಡು ಕೂತಿರುವುದೇ ಕಾಣುತ್ತಿತ್ತು.

ಕಡೆಗೆ ಇವರ ಹಟಕ್ಕೆ ಸೋತು ಟೈರಿನಂಗಡಿಗೆ ಹೋದೆವು. ಅಂಗಡಿಯ ಇಸ್ಮಾಯಿಲ್ ಇವರ ಹಳೆಯ ಶಿಷ್ಯ, ಒಂದು ಕಾಲದ ವಾಲಿಬಾಲ್ ಆಟಗಾರ. ಅವನು ಮೂರು ಚಕ್ರ ತಂದು ಗೋಡೆಗೆ ಒರಗಿಸಿದ. ಒಂದು, ನಮ್ಮ ಕಾರಿಗಿರುವಂಥದ್ದೇ ಅಲಾಯ್ ಚಕ್ರ, ಇನ್ನೊಂದು ಅದೇ ಅಳತೆಯ ಕಬ್ಬಿಣದ್ದು, ಮೂರನೆಯದು ಆಪತ್ತಿಗೆಂದೇ ಮಾಡಿದ ಸಣಕಲು ಚಕ್ರ. ಚಕ್ರದ ತೂತುಗಳ ಅಂತರ ಹೊಂದಬೇಕು, ನಡುವಿನ ದೊಡ್ಡ ತೂತು ಸರಿಯಾಗಿ ಕೂರಬೇಕು, ನಟ್ಟು ಬೇರೆ ಬೇಕಾದೀತು ಎಂದೆಲ್ಲ ವಿವರಿಸಿದ. ಸಣಕಲು ಚಕ್ರ ಹಾಕಿಕೊಂಡು ಎಂಬತ್ತರ ಮೇಲೆ ಹೋಗಬಾರದು, ಹತ್ತಿರದ ಪಂಚರ್ ಅಂಗಡಿಯವರೆಗೆ ಮಾತ್ರ ಎಂದೂ ಎಚ್ಚರಿಸಿದ. ಎಂಬತ್ತು ಎಂಬ ಅಂಕಿಯನ್ನು ನಮ್ಮ ಕಾರು ಇನ್ನೂ ಕಂಡಿಲ್ಲ ಎಂದು ನಾನು ಅವನಿಗೆ ಭರವಸೆ ಕೊಟ್ಟೆ.

ಇವರಿಗೆ ಅಲಾಯ್ ಚಕ್ರವೇ ಬೇಕು. ಟೀಮಿನ ಮೀಸಲು ಆಟಗಾರ ಉಳಿದವರಿಗೆ ಸರಿಸಮ ಇರಬೇಕು, ಕುಳ್ಳನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಯಾವ ಮ್ಯಾಚ್ ಗೆಲ್ಲುತ್ತೀ ಎಂಬುದು ಇವರ ವಾದ. ಅದು ಡಿಕ್ಕಿಯ ಗುಂಡಿಯಲ್ಲಿ ಕೂರುವುದಿಲ್ಲ, ಮೇಲೆ ಇಟ್ಟು ಬೆಲ್ಟಿನಲ್ಲಿ ಬಿಗಿಯಬೇಕು ಎಂದ ಇಸ್ಮಾಯಿಲ್. ಬೆಲ್ಟು ಬಿಚ್ಚಿ, ತಿರುವಿನಲ್ಲಿ ಚಕ್ರ ಬಂದು ಇವರ ಬೆನ್ನಿಗೆ ಗುದ್ದುವುದು ನನಗೆ ಆಗಲೇ ಕಂಡಿತು. ಇವರು ಪರಿಚಯದವರೊಡನೆ ಚಹಾಕ್ಕೆ ಎದ್ದು ಹೋದದ್ದೇ ತಡ, ನಾನು ಪಕ್ಕದ ಗುಜರಿ ಅಂಗಡಿಯ ತಕ್ಕಡಿಯ ಮೇಲೆ ಮೂರನ್ನೂ ತೂಗಿಸಿದೆ. ಅಲಾಯ್ ಹದಿನೈದು ಕೆ.ಜಿ., ಕಬ್ಬಿಣದ್ದು ಅದಕ್ಕಿಂತ ತುಸು ಹೆಚ್ಚು, ಸಣಕಲು ಹತ್ತೂವರೆ. ಅರ್ಧ ಬಕೆಟ್ಟಿನೊಳಗೆ ಒಂದೂ ಬರಲಿಲ್ಲ. ಸೆರಗು ಸಿಕ್ಕಿಸಿ ಒಂದೊಂದನ್ನೇ ನಾನೇ ಎತ್ತಿ ನೋಡಿದೆ. ಸಣಕಲು ಮಾತ್ರ ಮೊಣಕಾಲಿನವರೆಗೆ ಬಂತು.

ಇದನ್ನು ನೋಡುತ್ತಿದ್ದ ಇಸ್ಮಾಯಿಲ್‌ಗೆ ಅರ್ಥವಾಯಿತೆಂದು ಕಾಣುತ್ತದೆ. ಇವರು ವಾಪಸು ಬಂದಾಗ, ಅಲಾಯ್ ಈ ಗಾಡಿಗೆ ಸರಿ ಕೂರಲ್ಲ ಎಂದು ನೆಪ ಹೇಳಿ ಸಣಕಲನ್ನೇ ಕೊಟ್ಟ. ಗಾಡಿಯ ಜೊತೆ ಜಾಕ್, ಸ್ಪಾನರ್ ಕೂಡ ಬಂದಿರಲಿಲ್ಲ, ಅವನ್ನೂ ಕಟ್ಟಿಸಿಕೊಂಡೆವು. ಮಾರನೆಯ ದಿನದಿಂದ ಮೂರು ಮಧ್ಯಾಹ್ನ ನಾನು ಲೈಬ್ರರಿಗೆಂದು ಹೇಳಿ ಟೈರಿನಂಗಡಿಗೆ ಹೋದೆ. ಗಾಡಿ ಎತ್ತುವ ಮೊದಲೇ ನಟ್ಟು ಸಡಿಲಿಸಬೇಕು. ಕೈಬಲ ಸಾಲದಿದ್ದರೆ ಸ್ಪಾನರಿನ ಮೇಲೆ ಹತ್ತಿ ನಿಲ್ಲಬೇಕು. ನನ್ನ ಅರವತ್ತೆಂಟು ಕೆ.ಜಿ. ತೂಕ ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದದ್ದು ಅಲ್ಲಿ. ಚಕ್ರವನ್ನು ಕೈಯಲ್ಲಿ ಎತ್ತಬಾರದು, ನೆಲದ ಮೇಲೆ ಕೂತು ಎರಡೂ ಪಾದದ ಮೇಲೆ ಅದನ್ನಿಟ್ಟುಕೊಂಡು ಕಾಲಿನಿಂದ ಮೇಲೆ ತರಬೇಕು. ಮೂರನೆಯ ದಿನ ಇಸ್ಮಾಯಿಲ್ ಪಾಸು ಅಂದ.

ತೀರ್ಥಹಳ್ಳಿಗೆ ಹೊರಟೆವು. ಹೊಸನಗರ ದಾಟುವವರೆಗೂ ನನ್ನ ಕಿವಿ ನಾಲ್ಕು ಟೈರುಗಳ ಹತ್ತಿರವೇ ಇತ್ತು. ನಮ್ಮ ಗಾಡಿಗೆ ಏನೂ ಆಗಲಿಲ್ಲ. ಹುಂಚಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಬದಿಯಲ್ಲಿ ಬೇರೊಂದು ಕಾರು ವಾಲಿ ನಿಂತಿತ್ತು, ಪಕ್ಕದಲ್ಲಿ ಒಬ್ಬಾಕೆ ಫೋನನ್ನು ಆಕಾಶಕ್ಕೆ ಹಿಡಿದುಕೊಂಡು ಸಿಗ್ನಲ್ ಹುಡುಕುತ್ತಿದ್ದರು. ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಒಂದು ಸಂಗತಿಯನ್ನು ಪೂರ್ತಿ ಮರೆತಿದ್ದೆ. ಪಂಚರ್ ನಮ್ಮ ಗಾಡಿಗೇ ಆಗಬೇಕೆಂದಿಲ್ಲ. ನಮ್ಮ ಕಡೆ ನಿಂತ ವಾಹನವನ್ನು ಕಂಡೂ ಕಾಣದಂತೆ ಯಾರೂ ಮುಂದೆ ಹೋಗುವುದಿಲ್ಲ, "ಎಂತ ಆಯ್ತ್ರೀ?" ಎಂದು ಕೇಳಿಯೇ ಹೋಗಬೇಕು. ಇವರು ಬರೀ ಕೇಳಿ ಮುಂದೆ ಹೋಗುವವರಲ್ಲ. ಹುಲಿಕಲ್ ಘಾಟಿಯಲ್ಲಿ ಯಾರದೋ ಜೀಪಿನ ಚಕ್ರ ಹಾಕಿಕೊಡುತ್ತ ನಿಂತು, ಮದುವೆಯೊಂದಕ್ಕೆ ಎಲೆ ಎತ್ತಿದ ಮೇಲೆ ಮುಟ್ಟಿದವರು ನಾವು.

"ನಿಲ್ಸು ಮಾರಾಯ್ತಿ" ಅಂದರು. ನಿಲ್ಲಿಸದೆ ಹೋಗಲು ನನಗೂ ಮನಸ್ಸು ಬರಲಿಲ್ಲ.

ಆಕೆ ಆರೋಗ್ಯ ಕೇಂದ್ರದ ನರ್ಸು, ಡ್ಯೂಟಿಗೆ ಹೊರಟವರು. ಡಿಕ್ಕಿಯಲ್ಲಿ ಎಲ್ಲ ಇತ್ತು, ಚಕ್ರ ಹಾಕಿ ಅಭ್ಯಾಸವಿರಲಿಲ್ಲ. ನಾನು ಕೈಬ್ರೇಕ್ ಎಳೆದು ಇಳಿಯುವಷ್ಟರಲ್ಲಿ ಇವರು ತೋಳು ಮಡಚಿ ಆಗಿತ್ತು, ಒಂದು ಕೈ ಆಕೆಯ ಸ್ಟೆಪ್ನಿಯ ಅಂಚಿನ ಮೇಲಿತ್ತು. ಅದು ಪೂರಾ ಅಳತೆಯ ಕಬ್ಬಿಣದ ಚಕ್ರ.

"ನೀವು ನಟ್ಟು ಹಿಡ್ಕಳಿ. ಚಕ್ರ ನಾನು ಹಾಕ್ತೀನಿ" ಅಂದೆ.

ಅಪರಿಚಿತರ ಎದುರು ಇವರ ಕೈಯಿಂದ ಕೆಲಸ ಕಿತ್ತುಕೊಂಡದ್ದು ಅದೇ ಮೊದಲು. ಇವರು ನನ್ನ ಮುಖ ನೋಡಿದರು, ಚಕ್ರ ನೋಡಿದರು, ಕೈ ತೆಗೆದರು. ನಾನು ಸ್ಪಾನರಿನ ಮೇಲೆ ಹತ್ತಿ ನಿಂತೆ. ಆ ಭಾರದ ಚಕ್ರವನ್ನು ನಾನೂ ನರ್ಸೂ ಸೇರಿ ಇಳಿಸಿ ಕೂರಿಸಿದೆವು. ಅಷ್ಟು ಹೊತ್ತೂ ಇವರು ನಾಲ್ಕು ನಟ್ಟುಗಳನ್ನು ಬೊಗಸೆಯಲ್ಲಿಟ್ಟುಕೊಂಡು ಪ್ರಸಾದ ಹಿಡಿದವರಂತೆ ನಿಂತಿದ್ದರು, ಕೇಳಿದಾಗ ಒಂದೊಂದೇ ಕೊಟ್ಟರು. ವಾಚು ನೋಡಲಿಲ್ಲ.

ಮತ್ತೆ ಕಾರು ಹತ್ತಿದೆವು. ಹುಂಚ ದಾಟಿತು. ಇವರ ಮರ್ಯಾದೆ ಕಳೆದೆ, ಇನ್ನು ವಾರವಿಡೀ ಮುನಿಸು ಎಂದು ನಾನು ಹೆದರಿ ಕೂತಿದ್ದೆ. ಆಗ ಇವರು ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದರು:

"ನೀ ಎತ್ತಕ್ಕೆ ಬಿಡ್ದೇ ಇದ್ದಿದ್ದು ಒಳ್ಳೇದಾಯ್ತು. ಪಿತೃಪಕ್ಷದ ಟೈಮಲ್ಲಿ ಅಕ್ಕಿ ಮೂಟೆ ಸರ್ಸಕ್ಕೆ ಹೋಗಿದ್ದೆ. ಎದೆ ಹಿಡ್ಕಂಡ್ ಬಿಡ್ತು. ನಿಂಗೆ ಹೇಳ್ಲಿಲ್ಲ."

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಾಡಿ ಬದಿಗೆ ನಿಲ್ಲಿಸಿ ಕೇಳಿದೆ, "ಮತ್ತೆ ಆಯುಧಪೂಜೆಲಿ ಸ್ಟೆಪ್ನಿ ಬೇಕೇ ಬೇಕು ಅಂತ ಹಟ ಮಾಡಿದ್ರಲ್ಲ?"

"ಬೇಡ ಅಂದಿದ್ರೆ ನಿಂಗೆ ಗೊತ್ತಾಗ್ತಿತ್ತಲ್ಲ ಮಾರಾಯ್ತಿ, ಎತ್ತಕ್ಕೆ ಆಗಲ್ಲ ಅಂತ."

ಬೈಯಲು ಬಾಯಿ ತೆರೆದೆ, ಬಂದದ್ದು ಅಳು. ಗಾಬರಿ ನಮ್ಮ ಮನೆಯಲ್ಲಿ ನನ್ನೊಬ್ಬಳ ಆಸ್ತಿ ಎಂದು ತಿಳಿದಿದ್ದೆ. ನೋಡಿದರೆ ಜಂಟಿ ಖಾತೆ. ಕಣ್ಣೊರೆಸಿಕೊಂಡು ಗಾಡಿ ಹೊರಡಿಸಿದೆ, ಈ ಸಲ ಮೂವತ್ತರಲ್ಲಿ. ನಾನು ಕಾರು ಆರಿಸಿದ ಗುಟ್ಟು ಹೇಳಿದೆ, ಇವರು ನಕ್ಕರು. ರಾತ್ರಿ ಎಚ್ಚರವಾದಾಗಲೆಲ್ಲ ಇವರ ಉಸಿರು ಎಣಿಸುತ್ತೇನೆ ಎಂದೆ. ಗೊತ್ತು, ಅದಕ್ಕೇ ನಿದ್ದೆ ಬಾರದಿದ್ದರೂ ಸರಿಯಾಗಿ ಉಸಿರಾಡುತ್ತ ಮಲಗಿರುತ್ತೇನೆ ಅಂದರು. ಇವರು ಸ್ನಾನದ ಮನೆಗೆ ಹೋದಾಗ ಚಿಲಕ ಹಾಕುವುದಿಲ್ಲವಂತೆ. ನಾನು ಬಾಗಿಲ ಹೊರಗೆ ಬಟ್ಟೆ ಮಡಚುವ ನೆಪದಲ್ಲಿ ನಿಂತಿರುತ್ತೇನೆ ಎಂದು ಒಪ್ಪಿಕೊಂಡೆ. ಒಂದು ಹೇಳಿದರೆ ಅದರ ಹಿಂದೆ ಇನ್ನೊಂದು ಬರುತ್ತಿತ್ತು.

ಹೀಗೆ ಹೇಳಿಕೊಳ್ಳುತ್ತ ತೀರ್ಥಹಳ್ಳಿ ಬಂದದ್ದೇ ತಿಳಿಯಲಿಲ್ಲ. ಅತ್ತಿಗೆ ಬೆಳಗಿನಿಂದ ಕಾದಿದ್ದರೆಂದು ಕಾಣುತ್ತದೆ, ಗೇಟಿನಲ್ಲೇ ನಿಂತಿದ್ದರು. ನಾನು ಗಾಡಿ ನಿಧಾನ ಮಾಡಿದೆ. ಇವರು ನನ್ನ ತೋಳು ಮುಟ್ಟಿ, "ಹೇಳಕ್ಕೆ ಇನ್ನೂ ಒಂದೆರಡು ಇದಾವೆ. ಇನ್ನೊಂದು ಸುತ್ತು ಹೋಗಿ ಬರಾಣ" ಅಂದರು. ನಾನು ಹಾಗೇ ಮುಂದೆ ಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಅತ್ತಿಗೆ ಸ್ವಾಗತಕ್ಕೆಂದು ಎತ್ತಿದ ಕೈಯನ್ನು ಇಳಿಸದೆ ನಿಂತೇ ಇದ್ದರು.