ನಾಲ್ಕು ಮೂಲೆಯ ಅರಿಶಿನ

ಕಳೆದ ವಾರ ಅಂಚೆಯಲ್ಲಿ ಒಂದು ಲಗ್ನಪತ್ರಿಕೆ ಬಂತು. ಕವರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಬಿಚ್ಚುವ ಮೊದಲೇ ಅದರ ವಾಸನೆ ಬೆರಳಿಗೆ ಅಂಟಿತು. ಯಾರ ಮದುವೆ ಎಂದು ನೋಡುವ ಮೊದಲು ನಾನು ಪತ್ರಿಕೆಯ ಕೆಳತುದಿಯಲ್ಲಿ ಪ್ರೆಸ್ಸಿನ ಹೆಸರು ಹುಡುಕಿದೆ. ಐದಾರು ವರ್ಷಗಳಿಂದ ಹಾಗೇ ಮಾಡುತ್ತಿದ್ದೇನೆ.

ಹಾವೇರಿಯಲ್ಲಿ ನಮ್ಮ ಆಫೀಸು ಇದ್ದದ್ದು ಒಂದು ಪ್ರೆಸ್ಸಿನ ಮಾಳಿಗೆಯಲ್ಲಿ. ಪ್ರೆಸ್ಸಿನ ಮಾಲೀಕರನ್ನು ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸುತ್ತಲಿನ ಊರುಗಳ ಎಷ್ಟೋ ಮನೆತನಗಳಿಗೆ ಎರಡು ತಲೆಮಾರು ಲಗ್ನಪತ್ರಿಕೆ ಅಚ್ಚು ಹಾಕಿದವರು ಅವರು. ಕೆಳಗೆ ಯಂತ್ರ ನಡೆದಾಗ ಮೇಲೆ ನನ್ನ ಮೇಜಿನ ಲೋಟದಲ್ಲಿ ನೀರು ನಡುಗುತ್ತಿತ್ತು.

ಕಂಪನಿಯೆಂದರೆ ನಮ್ಮ ಸರ್ ಮತ್ತು ನಾನು, ಇಬ್ಬರೇ. ಗೋದಾಮಿನ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಒಂದನ್ನು ಬರೆದಿದ್ದೆವು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು, ರಾಣೆಬೆನ್ನೂರಿನ ಬೀಜದ ಕಂಪನಿಗಳ ನಿರ್ದೇಶಕರು ಅದನ್ನು ಕೊಳ್ಳಬೇಕಿತ್ತು. ಆದರೆ ಅವರ ತನಕ ನಾವು ಮುಟ್ಟಲೇ ಇಲ್ಲ. ಪತ್ರಗಳನ್ನು ಗುಮಾಸ್ತರು ಬಿಚ್ಚಿ ಬುಟ್ಟಿಗೆ ಹಾಕುತ್ತಿದ್ದರು. ಫೋನ್ ಮಾಡಿದರೆ ಸಾಹೇಬರು ಯಾವಾಗಲೂ ಈಗಷ್ಟೇ ಹೊರಗೆ ಹೋಗಿರುತ್ತಿದ್ದರು. ಸಿ.ಡಿ. ಹಿಡಿದು ಹೋದ ನನ್ನನ್ನು ಗೇಟಿನ ಸ್ಟೂಲಿನ ಮೇಲೆ ಮಧ್ಯಾಹ್ನದವರೆಗೆ ಕೂರಿಸಿ ಕಳಿಸಿದ್ದೂ ಉಂಟು. ಯುಗಾದಿಯೊಳಗೆ ಒಂದಾದರೂ ಆರ್ಡರ್ ಬಾರದಿದ್ದರೆ ಆಫೀಸಿಗೆ ಬೀಗ ಎಂದು ಸರ್ ಹೇಳಿಬಿಟ್ಟಿದ್ದರು. ಬೀಗ ಬಿದ್ದರೆ ನಾನು ಊರಿಗೆ ಮರಳಬೇಕಿತ್ತು. ಅಲ್ಲಿ ನನಗಾಗಿ ಏನು ನಿಶ್ಚಯವಾಗಿತ್ತೆಂಬುದನ್ನು ಇಲ್ಲಿ ಬರೆಯಲಾರೆ.

ಉಪಾಯ ಹೇಳಿದವರು ಚಾಚಾನೇ, ಅದೂ ತಮಾಷೆಗೆ. ಹೊಸ ಕರಪತ್ರ ಎಷ್ಟು ಕಡಿಮೆಯಲ್ಲಿ ಆದೀತು ಎಂದು ಕೇಳಲು ಇಳಿದಿದ್ದೆ.

"ಕಾರಕೂನ ಬಿಚ್ಚಲಾರದ ಸೀದಾ ಸಾಹೇಬ್ರ ಕೈಗೆ ಹೋಗೂ ಕವರ್ ಒಂದ ಐತಿ, ಬೇಟಿ. ಲಗ್ನಪತ್ರಿಕಿ."

ನಾನು ನಗಲಿಲ್ಲ. ಅವರೂ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಹಿಂದಿನ ವರ್ಷದ ಪತ್ರಿಕೆಯ ಕಾರ್ಡುಗಳು ಮಾರದೆ ಉಳಿದಿದ್ದವು, ಕಮಲದ ಅಂಚಿನವು. ಅವುಗಳ ಮೇಲೆ ನಮ್ಮ ಸಾಫ್ಟ್‌ವೇರಿನ ಪ್ರಾತ್ಯಕ್ಷಿಕೆಯ ಆಮಂತ್ರಣವನ್ನು ಅಚ್ಚು ಹಾಕಿಕೊಟ್ಟರು. ಸ್ಥಳ, ರಾಣೆಬೆನ್ನೂರಿನ ಒಂದು ಕಲ್ಯಾಣ ಮಂಟಪದ ಮೇಲಿನ ಸಣ್ಣ ಕೋಣೆ. ಅಷ್ಟು ಅಗ್ಗಕ್ಕೆ ಬೇರೆಲ್ಲೂ ಜಾಗ ಸಿಕ್ಕಿರಲಿಲ್ಲ. ಕಟ್ಟು ಕೈಗಿಡುವಾಗ ಒಂದು ಮಾತು ಹೇಳಿದರು.

"ಅರಿಶಿಣ ಮಾತ್ರ ಹಚ್ಚಬ್ಯಾಡ. ಅದು ಮನಿಯವ್ರು ಹಚ್ಚೂದು. ಹಚ್ಚಿದ್ರ ಮಾತು ಕೊಟ್ಟಂಗ."

ಆಗಲಿ ಎಂದೆ. ಮರುದಿನ ಮಧ್ಯಾಹ್ನ ಸರ್ ಊಟಕ್ಕೆ ಹೋದಾಗ ಎಂಬತ್ತು ಕವರುಗಳನ್ನು ಹರಡಿಕೊಂಡು ಕೂತೆ. ಅರಿಶಿನವಿಲ್ಲದೆ ಅವು ಬುಟ್ಟಿಗೆ ಬೀಳುವ ಇನ್ನೂ ಎಂಬತ್ತು ಕಾಗದಗಳಂತೆ ಕಂಡವು... ಬಟ್ಟಲಲ್ಲಿ ಅರಿಶಿನ ಕಲಸಿದೆ. ಅಂಚೆಗೆ ಹಾಕಿ ಬರುವಾಗ ಮೆಟ್ಟಿಲ ಬಳಿ ಚಾಚಾ ನಿಂತಿದ್ದರು. ನನ್ನ ಬೆರಳುಗಳನ್ನು ನೋಡಿ ಒಳಗೆ ಹೋದರು.

ಪ್ರಾತ್ಯಕ್ಷಿಕೆಗೆ ಹನ್ನೊಂದು ಜನ ಬಂದರು. ನಮಗದು ಜಾತ್ರೆಯೇ. ಕೊನೆಯದಾಗಿ ಬಂದವರು ಬ್ಯಾಡಗಿಯ ಹಿರಿಯ ವ್ಯಾಪಾರಿಯೊಬ್ಬರು, ಜೊತೆಗೆ ರೇಷ್ಮೆ ಸೀರೆ ಉಟ್ಟ ಅವರ ಪತ್ನಿ. ಆಕೆಯ ಕೈಯಲ್ಲಿ ಉಡುಗೊರೆಯ ಕುಬಸದ ಕಣವೂ ತೆಂಗಿನಕಾಯಿಯೂ ಇದ್ದವು. ಅರಿಶಿನ ನೋಡಿ, ಮಾಲು ತರುವ ಯಾರೋ ರೈತರ ಮನೆಯ ಮದುವೆ ಎಂದುಕೊಂಡು, ದಿನ ಮತ್ತು ಜಾಗವನ್ನಷ್ಟೇ ಡೈರಿಯಲ್ಲಿ ಬರೆಸಿಟ್ಟಿದ್ದರಂತೆ. ಹೋಗದಿದ್ದರೆ ಆ ಮನೆಯವರು ನೊಂದುಕೊಳ್ಳುತ್ತಾರೆಂದು ಬಂದಿದ್ದರು.

ಆ ತಾಯಿ ಕಂಪ್ಯೂಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಮದುಮಗಳು ಎಲ್ಲದಾಳವಾ?" ಎಂದರು.

ನಾನು ಅವರಿಗೊಂದು ಕುರ್ಚಿ ಎಳೆದು ಕೊಟ್ಟೆ. ಅವರ ಯಜಮಾನರು ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಮೊದಲ ಸಲ ಓದಿದರು. ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಪ್ರೆಸ್ಸಿನ ಹೆಸರಿನ ತನಕ ಓದಿದರು.

"ನಮ್ಮ ಮನಿ ಪತ್ರಿಕಿ ಎಲ್ಲಾ ಇಂವನ ಹಂತ್ಯಾಕ ಆಗ್ಯಾವು. ಇಂವಗರ ತಿಳೀಬೇಕಿತ್ತು."

ಹಚ್ಚಿದ್ದು ನಾನು, ಚಾಚಾ ಬೇಡವೆಂದಿದ್ದರು ಎಂದು ಹೇಳಲು ಅಲ್ಲಿ ಸಮಯವಿತ್ತು. ಆದರೆ ಮುಂದಿನ ಸಾಲಿನಲ್ಲಿ ಬೀಜದ ಕಂಪನಿಯ ಮ್ಯಾನೇಜರೊಬ್ಬರು ಆಗಷ್ಟೇ ಪರದೆಯ ಕಡೆ ಬಾಗಿ ಏನೋ ಕೇಳತೊಡಗಿದ್ದರು. ನಾನು ಅವರ ಕಡೆ ತಿರುಗಿದೆ.

ಆರ್ಡರ್ ಬಂತು. ಆಫೀಸು ಇನ್ನೂ ಎಂಟು ತಿಂಗಳು ಉಳಿಯಿತು, ಆಮೇಲೆ ಮುಚ್ಚಿತು. ನನಗೆ ಬೇಕಾದದ್ದೂ ಅಷ್ಟೇ ಸಮಯ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಆ ಬೇಸಿಗೆಯಲ್ಲಿ ಬ್ಯಾಡಗಿಯ ಆ ಮನೆಯ ಮಗಳ ಮದುವೆ ಇತ್ತು. ಪತ್ರಿಕೆ ಬೇರೆ ಊರಲ್ಲಿ ಅಚ್ಚಾಯಿತು. ಅವರ ಬೀಗರು, ನೆಂಟರು ಒಬ್ಬೊಬ್ಬರಾಗಿ ಅತ್ತಲೇ ಹೋದರು. ಲಗ್ನದ ಕಾಲದಲ್ಲೂ ನನ್ನ ಲೋಟದ ನೀರು ಅಲುಗದೆ ನಿಂತಿರುತ್ತಿತ್ತು. ಚಾಚಾ ಎಂದಿನಂತೆ ಚಹಾ ಕುಡಿದೆಯಾ ಎಂದು ಕೇಳುತ್ತಿದ್ದರು. ನಾನು ಎಂದಿನಂತೆ ಹೂಂ ಎನ್ನುತ್ತಿದ್ದೆ.

ಎರಡು ವರ್ಷದ ನಂತರ, ನಾನೇ ಒಪ್ಪಿದ ನನ್ನ ಮದುವೆಯ ಪತ್ರಿಕೆಗೆ ಅವರಲ್ಲಿಗೇ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅಚ್ಚಾದ ಪತ್ರಿಕೆ ಕೊಟ್ಟಾಗ ಅದರ ಕೆಳತುದಿ ಖಾಲಿ ಇತ್ತು. ಪ್ರೆಸ್ಸಿನ ಹೆಸರು ಯಾಕಿಲ್ಲ ಎಂದು ಕೇಳಿದೆ. ಈಗೀಗ ಹಾಕುವುದಿಲ್ಲ ಎಂದರು. ಆಮೇಲೆ ಕಟ್ಟಿಗೆ ದಾರ ಸುತ್ತುತ್ತ, ನನ್ನ ಕಡೆ ನೋಡದೆ,

"ಈ ಸಲ ಅರಿಶಿಣ ಹಚ್ಚು, ಬೇಟಿ. ಈ ಸಲ ಬರೊಬ್ಬರಿ ಐತಿ" ಎಂದರು.

ಜೋಡಿಸಿಕೊಂಡಿದ್ದ ಮಾತನ್ನು ಹಾಗೇ ಇಟ್ಟುಕೊಂಡು, ಕಟ್ಟು ಎತ್ತಿಕೊಂಡು ಬಸ್ಸು ಹತ್ತಿದೆ. ಅವರು ತೀರಿಕೊಂಡರೆಂದು ನನಗೆ ತಿಳಿದದ್ದು ಮರುವರ್ಷ, ಅದೂ ಯಾರೋ ಬೇರೆ ಮಾತಿನ ನಡುವೆ ಹೇಳಿದಾಗ...

ಕಳೆದ ವಾರದ ಪತ್ರಿಕೆಯ ಕೆಳಗೆ ಯಾವುದೋ ಊರಿನ, ಯಾವುದೋ ಪ್ರೆಸ್ಸಿನ ಹೆಸರಿತ್ತು. ನನ್ನ ಮದುವೆಯ ಪತ್ರಿಕೆ ಒಂದನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಅದನ್ನು ಮತ್ತೆ ತೆಗೆದು ನೋಡಿದೆ. ಮೂಲೆಗಳ ಅರಿಶಿನ ಮಾಸಿದೆ. ಕೆಳಗೆ, ಅವರ ಹೆಸರು ಇರಬೇಕಾಗಿದ್ದ ಜಾಗ ಹಾಗೇ ಬೆಳ್ಳಗಿದೆ.