ರೇವತಿಯ ಊಟದ ಡಬ್ಬಿ

ಸಾಗರ ಪೇಟೆಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನನ್ನ ಮಗಳ ಬೇಸಿಗೆ ಶಿಬಿರಕ್ಕೆ ಊಟದ ಡಬ್ಬಿ ಸಿಕ್ಕಿದೆ! ಅಟ್ಟದಿಂದ ಇಳಿಸಿ ಮುಚ್ಚಳ ತೆಗೆದರೆ ಹಳೇ ಮಿಡಿ ಉಪ್ಪಿನಕಾಯಿಯ ವಾಸನೆ.

ಇದೇ ಡಬ್ಬಿ ಹಿಡಿದು ನಾನೂ ಶಿಬಿರಕ್ಕೆ ಹೋಗಿದ್ದೆ. ಮುಚ್ಚಳದ ಮೇಲೆ ಕೊರೆಸಿದ್ದ ಹೆಸರು ರೇವತಿ. ಅದು ನಾನು ಹುಟ್ಟುವ ಮೊದಲೇ ಜ್ವರದಲ್ಲಿ ತೀರಿಹೋದ ಅಕ್ಕನದು. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಬೇರೆ ಡಬ್ಬಿ ಬೇಕೆಂದು ನಾನು ಹಟ ಹಿಡಿದಾಗ ಅಪ್ಪ ತೀರ್ಪು ಕೊಟ್ಟಿದ್ದ: “ಸ್ಟೀಲು ಗಟ್ಟಿ ಇದ್ದು. ಹೆಸ್ರಿಂದ ಅನ್ನ ಹಳಸ್ತಿಲ್ಲೆ.”

ಶಿಬಿರದ ಮೇಷ್ಟ್ರು ಡಬ್ಬಿ ನೋಡಿ ನನ್ನನ್ನು ರೇವತಿ ಎಂದೇ ಕರೆದರು. ತಿದ್ದಲು ನಾಚಿಕೆಯಾಗಿ ನಾನೂ ಓಗೊಟ್ಟೆ. ಸಂಜೆ ಅಮ್ಮ ಗೇಟಿಗೆ ಬಂದದ್ದೇ ತಡ, ಅವರು ಕೂಗಿದರು: “ರೇವತೀ, ಬಾರೇ, ನಿಮ್ಮಮ್ಮ ಬಂದ್ರು!”

ಅಮ್ಮನ ಕೈಯಿಂದ ಕೊಡೆ ಬಿತ್ತು. ಬೈಗುಳ ಗ್ಯಾರಂಟಿ ಎಂದುಕೊಂಡು ಓಡಿಹೋಗಿ ಎದುರು ನಿಂತೆ. ಅಮ್ಮ ನನ್ನನ್ನು ದಾಟಿ, ನನ್ನ ಬೆನ್ನ ಹಿಂದಿನ ಖಾಲಿ ಅಂಗಳವನ್ನು ನೋಡುತ್ತಿದ್ದಳು.

“ಮೇಷ್ಟ್ರೇ, ಇನ್ನೊಂದ್ಸಲ ಕರೀರಿ” ಎಂದಳು.

ನನ್ನ ಮಗಳ ಹೆಸರು ಬೇರೆ. ಆದರೂ ಶಿಬಿರದವರೇ, ಸೋಮವಾರ ಸಂಜೆ ಅವಳನ್ನು ಕರೆದೊಯ್ಯಲು ನನ್ನ ಅಮ್ಮ ಬಂದಾಗ, ಡಬ್ಬಿಯ ಮೇಲಿನ ಹೆಸರನ್ನು ಒಮ್ಮೆ ಕೂಗಿ. ಸ್ವಲ್ಪ ಜೋರಾಗಿಯೇ ಕೂಗಿ. ಅಮ್ಮನಿಗೆ ಈಗ ಕಿವಿ ಮಂದ.